ಇನ್ನೂರು ಅಡಿ ಬುರುಜಿನಿಂದ ಹಾರಿದಳು, ಯಾರಿಗೂ ಭಯ ಆಗಲಿಲ್ಲ

ಶನಿವಾರದಾಟ (ಮೈಸೂರು) ಕೇಳಿದ್ದು:

ಎರಡು ವರ್ಷದಿಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ, ಪಾತ್ರ ವಹಿಸಿ ದಾಳ ಎಸೆದು ಕಥೆ ನಡೆಸುವ ಆಟದ ಐದನೇ ಆವೃತ್ತಿ ಆಡಿಸುತ್ತಿದ್ದೇನೆ. ಶನಿವಾರ ರಾತ್ರಿ, ಕುವೆಂಪುನಗರದ ನಮ್ಮ ಮನೆ ಮಹಡಿಯಲ್ಲಿ. ಆಡುವವರು ನಾಲ್ಕು ಜನ, ಕಥೆ ನಡೆಸಿ ಆಡಿಸುವ ಡಿಎಂ ನಾನು.

ನನ್ನ ಚಿಕ್ಕಮ್ಮನ ಮಗಳ ಪಾತ್ರದ ಹೆಸರು ಚೆನ್ನಿ. ಕಮ್ಮಾರನ ಮಗಳು, ಫೈಟರ್. ಮೊದಲ ಲೆವೆಲ್‌ನಲ್ಲಿ ಅವಳಿಗಿದ್ದದ್ದು 13 ಹಿಟ್ ಪಾಯಿಂಟ್. ಏಟು ಬಿದ್ದಷ್ಟೂ ಅದು ಇಳಿಯುತ್ತದೆ, ಸೊನ್ನೆಯಾದರೆ ಬಿದ್ದಳು. ಮೊದಲ ರಾತ್ರಿಯೇ ಸೇತುವೆ ಕೆಳಗೆ ಗಾಬ್ಲಿನ್‌ಗಳು (ಕುಳ್ಳ ರಾಕ್ಷಸರು) ಕಾಯುತ್ತಿದ್ದವು. ಎರಡು ಬಾಣ ತಗುಲಿ 2 ಉಳಿಯಿತು. ಮೂರನೇ ಬಾಣಕ್ಕೆ ನಾನು ದಾಳ ಕೈಗೆ ತಗೊಂಡಾಗ ನಾಲ್ವರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಟೀ ಆರಿಹೋಗಿತ್ತು. ಆ ಬಾಣ ತಪ್ಪಿತು. ಚಿಕ್ಕಮ್ಮನ ಮಗಳು ಎದ್ದು ಹೋಗಿ ನೀರು ಕುಡಿದು ಬಂದಳು.

ಈಗ ಚೆನ್ನಿ 11ನೇ ಲೆವೆಲ್. 103 ಹಿಟ್ ಪಾಯಿಂಟ್. ಕಳೆದ ವಾರ 200 ಅಡಿ ಬುರುಜಿನ ಮೇಲೆ ಸಿಕ್ಕಿಹಾಕಿಕೊಂಡಿದ್ದರು. ಅವಳು ಲೆಕ್ಕ ಹಾಕಿದಳು. "ಹತ್ತು ಅಡಿಗೆ ಒಂದು ದಾಳ, ಅಂದ್ರೆ 20. ಸರಾಸರಿ 70. ನಾನು ಹಾರ್ತೀನಿ." ಲೂಡೋ ಡಬ್ಬಿಯ ದಾಳವನ್ನೂ ಸೇರಿಸಿ ಇಪ್ಪತ್ತನ್ನು ಒಟ್ಟು ಮಾಡಿ ಎಸೆದೆವು. 66 ಬಿತ್ತು. 37 ಉಳಿಯಿತು. ಚೆನ್ನಿ ಮಣ್ಣು ಕೊಡವಿಕೊಂಡು ಎದ್ದು ಕತ್ತಿ ಹಿರಿದಳು. ಒಬ್ಬ ಮೊಬೈಲ್ ನೋಡುತ್ತಿದ್ದ.

ಅವತ್ತಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ. ಕಥೆಯ ವೀರರು ಹೀಗೆ ಎಂಟು ಪಟ್ಟು ಬೆಳೆಯುವುದಿಲ್ಲ ಅಲ್ವಾ? ಕೊನೇ ಪುಟದಲ್ಲೂ ಒಂದು ಬಾಣಕ್ಕೆ ಸಾಯಬಲ್ಲರು. ಆಟ ಯಾಕೆ ಹೀಗಿದೆ? ಅವರು ಕಷ್ಟಪಟ್ಟು ಗಳಿಸಿದ್ದನ್ನು ಕಿತ್ತುಕೊಳ್ಳದೆ ಆ ಮೊದಲ ರಾತ್ರಿಯ ಭಯವನ್ನು ವಾಪಸ್ ತರುವುದು ಹೇಗೆ?

ಹಳೇ ರೂಲ್‌ಬುಕ್ ಬರೆದದ್ದು:

ಆಟ ಹುಟ್ಟಿದ ಕಡೆ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಇದು ಕಥೆಯಿಂದ ಹುಟ್ಟಿದ ಆಟವಲ್ಲ, ಸೈನ್ಯ ಜೋಡಿಸಿ ಆಡುವ ಯುದ್ಧದಾಟದಿಂದ ಹುಟ್ಟಿದ್ದು. 1971ರ ಚೈನ್‌ಮೇಲ್ ನಿಯಮಗಳಲ್ಲಿ ಒಬ್ಬ 'ಹೀರೋ' ಅಂದರೆ ನಾಲ್ಕು ಸೈನಿಕರಿಗೆ ಸಮ. 'ಸೂಪರ್‌ಹೀರೋ' ಎಂಟಕ್ಕೆ ಸಮ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದಾಗ ಅದೇ ಲೆಕ್ಕ ಅಲ್ಲಿಗೂ ಬಂತು. ಫೈಟರ್‌ನ ನಾಲ್ಕನೇ ಲೆವೆಲ್‌ನ ಹೆಸರೇ 'ಹೀರೋ'. ಎಂಟನೆಯದು 'ಸೂಪರ್‌ಹೀರೋ'. ಅಂದರೆ ಮೊದಲ ಲೆವೆಲ್‌ನವನು ಇನ್ನೂ ಹೀರೋ ಆಗಿಲ್ಲ, ಆಗಬೇಕಾದವನು.

ಕಥೆಯಲ್ಲಿ ಹಾಗಲ್ಲ. ರಾಬರ್ಟ್ ಹೋವರ್ಡ್‌ನ ಕಥೆಗಳ ಕತ್ತಿವೀರ ಕೊನಾನ್ ನೋಡಿ. 1932ರಲ್ಲಿ ಅಚ್ಚಾದ ಮೊದಲ ಕಥೆಯಲ್ಲೇ ಅವನು ರಾಜ. 1933ರಲ್ಲಿ ಬಂದ ಇನ್ನೊಂದರಲ್ಲಿ ಎಳೇ ವಯಸ್ಸಿನ ಕಳ್ಳ. ಹಿಂದೆಮುಂದೆ ಬರೆದರೂ ಓದುಗರಿಗೆ ತೊಡಕಾಗಲಿಲ್ಲ. ಕಳ್ಳನಾಗಿದ್ದಾಗಲೂ ರಾಜನಾಗಿದ್ದಾಗಲೂ ಅವನು ಒಂದೇ ಅಳತೆಯ ಮನುಷ್ಯ.

ಇನ್ನೊಂದು ಮಾತು. ಹಳೇ ಆಟದಲ್ಲಿ ಒಂಬತ್ತನೇ ಲೆವೆಲ್‌ಗೆ ಫೈಟರ್ 'ಲಾರ್ಡ್' ಆಗುತ್ತಿದ್ದ. ಕೋಟೆ ಕಟ್ಟುತ್ತಿದ್ದ, ಜನರನ್ನು ಸಾಕುತ್ತಿದ್ದ. ಬಲ ಬೆಳೆದಂತೆ ಆಟವೇ ಬೇರೆ ಆಗುತ್ತಿತ್ತು. ಗುಹೆಯಿಂದ ಗದ್ದೆಗೆ, ಗದ್ದೆಯಿಂದ ನಾಡಿಗೆ. ಈಗಿನವರು 11ನೇ ಲೆವೆಲ್‌ನಲ್ಲೂ ಗುಹೆಯನ್ನೇ ಆಡಿಸುತ್ತಾರೆ, ದೊಡ್ಡ ಗುಹೆ ಅಷ್ಟೇ. ನನಗೆ ಬೇಜಾರಾಗುವುದು ಅಲ್ಲೇ.

ಕುಂದಾಪ್ರದವ ಬರೆದದ್ದು:

ಮಾರಾಯ್ರೆ, ನಮ್ಮ ಮಹಾಭಾರತದಲ್ಲಿ ವೀರರ ಲೆವೆಲ್ ಇಳಿಯುತ್ತಾ ಹೋಗುತ್ತದೆ, ಗಮನಿಸಿದ್ದೀರಾ? ಕರ್ಣ ಹುಟ್ಟಿದಾಗ ಮೈಮೇಲೆ ಕವಚ ಕುಂಡಲ. ಅದನ್ನು ಇಂದ್ರನಿಗೆ ಕೊಟ್ಟ. ಬದಲಿಗೆ ಸಿಕ್ಕ ಶಕ್ತ್ಯಾಯುಧ ಒಂದೇ ಸಲಕ್ಕೆ, ಅದು ಘಟೋತ್ಕಚನಿಗೆ ಖರ್ಚಾಯಿತು. ಕಲಿತ ವಿದ್ಯೆಗೆ ಪರಶುರಾಮರ ಶಾಪ. ಕೊನೆಗೆ ರಥದ ಗಾಲಿಯೂ ನೆಲದಲ್ಲಿ ಹೂತುಹೋಯಿತು. ಒಂದೊಂದಾಗಿ ಕೈಬಿಟ್ಟು ಹೋದಷ್ಟೂ ಅವನು ನಮಗೆ ಹತ್ತಿರ ಆಗುತ್ತಾನೆ. ಅರ್ಜುನನದು ಇನ್ನೂ ಸಂಕಟ. ಮೌಸಲ ಪರ್ವದಲ್ಲಿ ದ್ವಾರಕೆಯ ಹೆಂಗಸರನ್ನು ಕರೆದುಕೊಂಡು ಬರುವಾಗ ಕೋಲು ಹಿಡಿದ ದರೋಡೆಕಾರರು ಬೀಳುತ್ತಾರೆ. ಗಾಂಡೀವಕ್ಕೆ ಹೆದೆ ಏರಿಸುವುದೇ ಕಷ್ಟ. ಅಸ್ತ್ರಗಳು ನೆನಪಿಗೇ ಬರುವುದಿಲ್ಲ.

ಚಿಕ್ಕಂದಿನಿಂದ ಯಕ್ಷಗಾನ ನೋಡಿದವನು ನಾನು, ಹಾಗಾಗಿ ಇದನ್ನೂ ಹೇಳಬೇಕು. ಮೇಳಕ್ಕೆ ಸೇರಿದ ಹುಡುಗ ಮೊದಲು ಕೋಡಂಗಿ ಕುಣಿಯುತ್ತಾನೆ. ಆಮೇಲೆ ಬಾಲಗೋಪಾಲ. ಹೆಜ್ಜೆ ಗಟ್ಟಿಯಾದ ಮೇಲೆ, ಎಷ್ಟೋ ವರ್ಷಕ್ಕೆ, ಪುಂಡುವೇಷ, ಅಂದರೆ ಎಳೇ ವೀರನ ಪಾತ್ರ, ಸಿಗುತ್ತದೆ. ಅಭಿಮನ್ಯು ಪುಂಡುವೇಷ. ಅವನಿಗೆ ಚಕ್ರವ್ಯೂಹದ ಒಳಗೆ ಹೋಗುವುದಷ್ಟೇ ಗೊತ್ತು, ಹೊರಗೆ ಬರುವುದು ಇವತ್ತಿಗೂ ಗೊತ್ತಿಲ್ಲ. ಅವನು ಬೆಳೆಯುವುದಿಲ್ಲ. ಬೆಳೆದದ್ದು ವೇಷ ಕಟ್ಟಿದ ಹುಡುಗ. ನಿಮ್ಮ ಆಟದ ಲೆವೆಲ್ ಕೂಡ ಹಾಗೇ ಅಂತ ನನಗೆ ಕಾಣುತ್ತದೆ. ಅದು ಚೆನ್ನಿಯದಲ್ಲ, ನಿಮ್ಮ ತಂಗಿಯದು. ಎರಡು ವರ್ಷ ಶನಿವಾರ ತಪ್ಪದೆ ಬಂದು ಕೂತದ್ದಕ್ಕೆ ಸಿಕ್ಕ ಕೂಲಿ. ಅದಕ್ಕೆ ಕೈ ಹಾಕಬೇಡಿ.

ಐದನೇ ಲೆವೆಲ್ ಬರೆದದ್ದು:

ನಾನು ಆಡುವವನು, ಆಡಿಸುವವನಲ್ಲ. ಭಯ ಭಯ ಅಂತ ಎಲ್ಲರೂ ಹೇಳುತ್ತೀರಿ, ಬೆಳೆಯುವ ಖುಷಿಯನ್ನು ಯಾರೂ ಹೇಳುತ್ತಿಲ್ಲ. ನನ್ನ ವಿಝರ್ಡ್ (ಮಂತ್ರವಾದಿ) ಐದನೇ ಲೆವೆಲ್‌ಗೆ ಬಂದು ಮೊದಲ ಸಲ ಫೈರ್‌ಬಾಲ್ ಅನ್ನುವ ಬೆಂಕಿಯುಂಡೆ ಮಂತ್ರ ಹಾಕಿದಾಗ ಎಂಟು ದಾಳ ಎರಡೂ ಕೈಯಲ್ಲಿ ಹಿಡಿಯಲಿಲ್ಲ, ಒಂದು ಮಂಚದ ಕೆಳಗೆ ಹೋಯಿತು. ಏಳೇಳು ಹಿಟ್ ಪಾಯಿಂಟ್‌ನ ಗಾಬ್ಲಿನ್‌ಗಳು ಗುಂಪಿಗೆ ಗುಂಪೇ ಸುಟ್ಟುಹೋದವು. ನಾಲ್ಕು ತಿಂಗಳು ಅವುಗಳಿಗೆ ಹೆದರಿ ಮರದ ಹಿಂದೆ ಅಡಗಿದವನು ನಾನೇ. ಆ ಹೊತ್ತಿನ ಖುಷಿ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಚೆನ್ನಿ ಹಾರಿದ್ದೂ ಅಂಥದ್ದೇ ಇರಬಹುದು. ಅವಳನ್ನೊಮ್ಮೆ ಕೇಳಿ ನೋಡಿ.

ಹಳೇ ರೂಲ್‌ಬುಕ್ ಮತ್ತೆ ಬರೆದದ್ದು:

ಒಪ್ಪುತ್ತೇನೆ. ಭಯವೇ ಬೇಕು ಅನ್ನುವವರಿಗೆ ಬೇರೆ ಆಟಗಳಿವೆ. 1978ರ ರೂನ್‌ಕ್ವೆಸ್ಟ್‌ನಲ್ಲಿ ಲೆವೆಲ್ಲೇ ಇಲ್ಲ. ಬಳಸಿದ ಕಸುಬು ಮಾತ್ರ ಬೆಳೆಯುತ್ತದೆ, ಹಿಟ್ ಪಾಯಿಂಟ್ ಹೆಚ್ಚುಕಮ್ಮಿ ಇದ್ದಷ್ಟೇ. ಎಷ್ಟು ನುರಿತವನಾದರೂ ತಲೆಗೆ ಒಂದು ಏಟು ಸರಿಯಾಗಿ ಬಿದ್ದರೆ ಮುಗಿಯಿತು. 1981ರ ಕಾಲ್ ಆಫ್ ಕ್ತುಲುದಲ್ಲಿ ಪಾತ್ರದ ಬುದ್ಧಿಸ್ಥಿಮಿತವೇ ದಿನದಿನಕ್ಕೆ ಕರಗುತ್ತದೆ. ಆದರೆ ನಿಮ್ಮ ಮೇಜಿಗೆ ಆಟ ಬದಲಿಸುವುದು ಬೇಡ. 103 ಹಿಟ್ ಪಾಯಿಂಟ್ ಚೆನ್ನಿಯ ಮೈಗೆ ಮಾತ್ರ. ಅವಳ ಅಪ್ಪನಿಗೆ ಎಷ್ಟಿದೆ?

ಶನಿವಾರದಾಟ (ಮೈಸೂರು) ಬರೆದದ್ದು:

ಎಲ್ಲರಿಗೂ ಧನ್ಯವಾದ. ತಂಗಿಯನ್ನು ಕೇಳಿದೆ. ಹಾರುವಾಗ ತುಂಬ ಖುಷಿ ಆಯ್ತು ಅಂದಳು. ಎದ್ದು ನಿಂತ ಮೇಲೆ ಏನೋ ಖಾಲಿ ಅನ್ನಿಸಿತು ಅಂತಲೂ ಅಂದಳು.

ಕೊನೇ ಸಾಲಿನ ಆ ಪ್ರಶ್ನೆ ನನಗೆ ನಾಟಿತು. ಅವಳ ಅಪ್ಪನಿಗೆ ನಾಲ್ಕು ಹಿಟ್ ಪಾಯಿಂಟ್. ಮೊನ್ನೆ ಶನಿವಾರ ಚೆನ್ನಿಯನ್ನು ಅವಳ ಹಳ್ಳಿಗೆ ಕರೆದೊಯ್ದೆ. ಮಳೆ ಇಲ್ಲ, ಕೆರೆಯಲ್ಲಿ ಒಂದು ಊರಿಗೆ ಸಾಲುವಷ್ಟೇ ನೀರು. ಕೆಳಗಿನ ಊರಿನವರು ತೂಬು ಎತ್ತಿ ಅಂತ ಬಂದು ಏರಿ ಮೇಲೆ ಕೂತಿದ್ದಾರೆ. ಚೆನ್ನಿಯ ಅಪ್ಪ ಮೇಲಿನ ಊರಿನವರ ಜೊತೆ ಸುತ್ತಿಗೆ ಹಿಡಿದು ತೂಬಿನ ಹತ್ತಿರ ನಿಂತಿದ್ದಾನೆ. ಎರಡೂ ಊರಿನವರು ಅವಳನ್ನೇ ನ್ಯಾಯ ಹೇಳು ಅಂದರು. ಇಷ್ಟು ದೊಡ್ಡವಳಾಗಿದ್ದೀಯಲ್ಲ, ನೀನೇ ಹೇಳು.

ತಂಗಿ ಇಪ್ಪತ್ತು ಮುಖದ ದಾಳ ಕೈಗೆ ತಗೊಂಡಳು. ಅದನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಳು, ಎಸೆಯಲಿಲ್ಲ. ಎಸೆಯುವುದಕ್ಕೆ ಏನೂ ಇರಲಿಲ್ಲ. "ಅಣ್ಣ, ಅಪ್ಪನ ಹತ್ರ ಮೊದಲು ಒಬ್ಬಳೇ ಮಾತಾಡ್ಬಹುದಾ?" ಅಂತ ಕೇಳಿದಳು. ಮಾತಾಡು ಅಂದೆ. ಮುಕ್ಕಾಲು ಗಂಟೆ ಅವಳೂ ನಾನೂ ಅಪ್ಪ ಮಗಳಾಗಿ ಮಾತಾಡಿದೆವು. ಉಳಿದ ಮೂವರು ಕೇಳುತ್ತಾ ಕೂತಿದ್ದರು. ಮೊಬೈಲ್ ನೋಡುತ್ತಿದ್ದವನೇ ಎದ್ದು ಹೋಗಿ ಎಲ್ಲರಿಗೂ ಟೀ ಮಾಡಿ ತಂದ.

ನ್ಯಾಯ ಇನ್ನೂ ಆಗಿಲ್ಲ. ಎಕ್ಸ್‌ಪಿ (ಆಡಿ ಗಳಿಸಿದ ಅನುಭವದ ಅಂಕ) ಸೇರಿಸಿ ನೋಡಿದರೆ 1,00,000 ದಾಟಿದೆ, 12ನೇ ಲೆವೆಲ್ ತಗೊಳ್ಳಬಹುದು ಅಂತ ಮೆಸೇಜ್ ಹಾಕಿದ್ದೆ. ಈ ಊರು ಮುಗಿದ ಮೇಲೆ ತಗೋತೀನಿ ಅಂತ ಉತ್ತರ ಬಂತು.