ಶಿಕ್ಷಕರ ರಾಷ್ಟ್ರ ಪ್ರಶಸ್ತಿಗೆ ನಾನೇ ಅರ್ಜಿ ಹಾಕೋದು ಸರಿಯಾ? ಜೊತೆಗೆ, ಎನ್‌ಎಂಎಂಎಸ್‌ಗೆ ಆಯ್ಕೆಯಾದ ಹುಡುಗಿಗೆ ರೊಕ್ಕ ಬಂದಿಲ್ಲ

ಹತ್ತಿ ಸೀಮೆ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ, ವಿಜ್ಞಾನ ಹೇಳುತ್ತೇನೆ. ಸೇವೆಗೆ ಸೇರಿ 14 ವರ್ಷ ಆಯಿತು. ನಮ್ಮಲ್ಲಿ ಎಂಟನೇ ತರಗತಿವರೆಗೆ ಇದೆ, ಒಂಬತ್ತಕ್ಕೆ ಮಕ್ಕಳು ಐದು ಕಿಲೋಮೀಟರ್ ಆಚೆಯ ಪ್ರೌಢಶಾಲೆಗೆ ಹೋಗುತ್ತಾರೆ. ಎರಡು ವಿಷಯ ಕೇಳಬೇಕಿತ್ತು. ನನ್ನ ತಲೆಯಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ, ಅದಕ್ಕೆ ಬೇರೆ ಬೇರೆ ಮಾಡದೆ ಬರೆಯುತ್ತಿದ್ದೇನೆ.

ಹಿಂದಿನ ಬ್ಯಾಚಿನ 23 ಮಕ್ಕಳಲ್ಲಿ 11 ಜನ ಎನ್‌ಎಂಎಂಎಸ್ (ಒಂಬತ್ತರಿಂದ ಹನ್ನೆರಡರವರೆಗೆ ಓದಲು ಬಡ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನ) ಪರೀಕ್ಷೆ ಬರೆದು 4 ಜನ ಆಯ್ಕೆಯಾದರು. ನಮ್ಮ ಶಾಲೆಯಿಂದ ಇದೇ ಮೊದಲು. ಜುಲೈಯಿಂದ ದಿನಾ ಪ್ರಾರ್ಥನೆಗೆ ಮುಂಚೆ ಮುಕ್ಕಾಲು ಗಂಟೆ ಕೂರಿಸುತ್ತಿದ್ದೆ. ನವೆಂಬರ್ ಬಂತೆಂದರೆ ನಮ್ಮ ಕಡೆ ಹತ್ತಿ ಬಿಡಿಸುವ ಕಾಲ, ತರಗತಿ ಅರ್ಧ ಖಾಲಿ. ಹೊಲಕ್ಕೆ ಹೋದವರು ಸಂಜೆ ಆರಕ್ಕೆ ಶಾಲೆಗೆ ಬರುತ್ತಿದ್ದರು. ಒಣಗಿದ ಕಾಯಿಯ ಸಿಪ್ಪೆ ಚುಚ್ಚಿ ಚುಚ್ಚಿ ಬೆರಳ ತುದಿಯೆಲ್ಲ ಸೀಳಿರುತ್ತಿತ್ತು. ಅದೇ ಬೆರಳಲ್ಲಿ ಪೆನ್ನು ಒತ್ತಿ ಹಿಡಿದು ಓಎಂಆರ್ ಹಾಳೆಯಲ್ಲಿ (ಉತ್ತರ ಗುರುತಿಸುವ ಹಾಳೆ) ಸುತ್ತು ತುಂಬಬೇಕು. 90 ಪ್ರಶ್ನೆ, 90 ನಿಮಿಷ, ಅದಾದ ಮೇಲೆ ಇನ್ನೊಂದು ಪತ್ರಿಕೆಗೆ ಮತ್ತೆ ಅಷ್ಟೇ. ಒಬ್ಬ ಹುಡುಗನ ಹಾಳೆಯ ಮೇಲೆ ಸಣ್ಣ ರಕ್ತದ ಕಲೆ ಇತ್ತು. ಆವತ್ತು ಅಭ್ಯಾಸ ನಿಲ್ಲಿಸಿ ಕೊಬ್ಬರಿ ಎಣ್ಣೆ ತರಿಸಿದೆ.

ಅವರಲ್ಲಿ ಒಬ್ಬಳಿಗೆ ಸಂಖ್ಯಾ ಸರಣಿ, ಗುಂಪಿಗೆ ಸೇರದ ಪದ ಎಲ್ಲ ಸಲೀಸು. ಕನ್ನಡಿ ಬಿಂಬದ ಪ್ರಶ್ನೆ ಬಂದರೆ ಮಾತ್ರ ಅಳು. ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದು ತೋರಿಸಿದರೂ ಅವಳಿಗೆ ಹತ್ತಲಿಲ್ಲ. ಒಂದು ದಿನ ಅವ್ವನ ಹಳೇ ಕುಬಸದ ತುಂಡಿನಲ್ಲಿ ಸುತ್ತಿಕೊಂಡು ಒಡೆದ ಕನ್ನಡಿಯ ಚೂರು ತಂದಳು. ಅದನ್ನು ಪುಸ್ತಕದ ಪಕ್ಕ ನೆಟ್ಟಗೆ ನಿಲ್ಲಿಸಿ ಒಂದೊಂದೇ ಅಕ್ಷರ ನೋಡುತ್ತಾ ಹೋದಳು. ನಾಲ್ಕೈದು ದಿನದಲ್ಲಿ ಚೂರು ಬೇಕಾಗಲಿಲ್ಲ. ಆಮೇಲೆ ಅದು ಇಡೀ ತರಗತಿಯ ಸಾಮಾನಾಯಿತು. ಅಂಚಿಗೆ ನಾನೇ ಟೇಪು ಸುತ್ತಿದೆ.

ಈಗ ತೊಂದರೆ ಅವಳದೇ. ಉಳಿದ ಮೂವರ ಖಾತೆಗೆ 12,000 ರೂಪಾಯಿ ಬಂದಿದೆ, ಇವಳಿಗೆ ಬಂದಿಲ್ಲ. ಅರ್ಜಿ ಶಾಲೆ, ಜಿಲ್ಲೆ ಎರಡೂ ಹಂತದಲ್ಲಿ ಪರಿಶೀಲನೆ ಆಗಿದೆ ಅಂತ ಪೋರ್ಟಲ್ ತೋರಿಸುತ್ತದೆ. ಬ್ಯಾಂಕಿನಲ್ಲಿ ಕೇಳಿದರೆ ಆಧಾರ್ ಲಿಂಕ್ ಆಗಿದೆ ಅನ್ನುತ್ತಾರೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಅವಳ ಅವ್ವ ಸಿಕ್ಕು, "ಪೇಪರ್‌ದಾಗ ಫೋಟೊ ಬಂತು, ರೊಕ್ಕ ಬರಲಿಲ್ಲಲ್ರಿ ಟೀಚರ?" ಅಂದರು. ಸಿಟ್ಟಿನಿಂದ ಕೇಳಿದ್ದಲ್ಲ, ಆದರೂ ನನಗೆ ತಲೆ ಎತ್ತಲಾಗಲಿಲ್ಲ.

ಇದೇ ವಾರ ಕ್ಲಸ್ಟರ್ ಸಭೆಯಲ್ಲಿ ಸಹೋದ್ಯೋಗಿಗಳು, "ನೀವು ರಾಷ್ಟ್ರ ಪ್ರಶಸ್ತಿಗೆ ಹಾಕ್ರಿ ಮೇಡಂ, ನಾಲ್ಕು ಮಕ್ಕಳ ರಿಸಲ್ಟ್ ಐತಿ" ಅಂತ ಒತ್ತಾಯ ಮಾಡುತ್ತಿದ್ದಾರೆ. ನನ್ನ ಬಗ್ಗೆ ನಾನೇ ಬರೆದು "ಕೊಡಿ" ಅನ್ನೋದು ಮನಸ್ಸಿಗೆ ಒಪ್ಪುತ್ತಿಲ್ಲ. ಅದೂ ಆ ಹುಡುಗಿಯ ಕೈಗೆ ಏನೂ ಸೇರದೆ ಇರುವಾಗ. ತಿಳಿದವರು ಹೇಳಿ.

—

ಪ್ರೌಢಶಾಲೆ ಎಫ್‌ಡಿಎ, ಹಾವೇರಿ ಕಡೆಯವ:

ಮೇಡಂ, ಮೊದಲು ರೊಕ್ಕದ ವಿಷಯ. ನಮ್ಮ ಶಾಲೆಯ ಸ್ಕಾಲರ್‌ಶಿಪ್ ಕೆಲಸ ಎಲ್ಲ ನನ್ನ ಟೇಬಲ್ಲಿಗೇ ಬರುತ್ತದೆ, ಇಂಥ ಕೇಸು ಬಹಳ ನೋಡಿದ್ದೇನೆ.

"ಆಧಾರ್ ಲಿಂಕ್ ಆಗಿದೆ" ಅಂದರೆ ಅಷ್ಟಕ್ಕೇ ನಂಬಿ ಬರಬೇಡಿ. ಖಾತೆಗೆ ಆಧಾರ್ ನಂಬರ್ ಸೇರಿಸೋದು ಒಂದು, ಎನ್‌ಪಿಸಿಐ ಮ್ಯಾಪಿಂಗ್ (ಆ ಆಧಾರ್‌ಗೆ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕು ಅನ್ನುವ ಗುರುತು) ಆಗೋದು ಇನ್ನೊಂದು. ಸರ್ಕಾರ ನೇರ ಖಾತೆಗೆ ಹಾಕುವ ಡಿಬಿಟಿ ಹಣ ಹೋಗೋದು ಎರಡನೆಯದನ್ನು ನೋಡಿಕೊಂಡು. ಒಂದು ಆಧಾರ್ ನಂಬರಿಗೆ ಮ್ಯಾಪಿಂಗ್‌ನಲ್ಲಿ ಒಂದೇ ಬ್ಯಾಂಕ್ ಇರುತ್ತದೆ, ಕೊನೆಗೆ ಯಾವುದಕ್ಕೆ ಒಪ್ಪಿಗೆ ಕೊಟ್ಟಿರುತ್ತಾರೋ ಅದು. ಆ ಹುಡುಗಿಯ ಹೆಸರಿನಲ್ಲಿ ಹಿಂದೆ ಎಲ್ಲಾದರೂ ಬೇರೆ ಖಾತೆ ತೆರೆದಿದ್ದರಾ ಅಂತ ಮನೆಯಲ್ಲಿ ಕೇಳಿ. ಆಧಾರ್ ವೆಬ್‌ಸೈಟಿನಲ್ಲಿ ಅವಳ ನಂಬರ್ ಹಾಕಿ, ಮೊಬೈಲಿಗೆ ಬರುವ ಓಟಿಪಿ ಕೊಟ್ಟು, ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿದರೆ ಯಾವ ಬ್ಯಾಂಕ್ ಅಂತ ಬರುತ್ತದೆ. ಅವಳ ಆಧಾರ್‌ಗೆ ಜೋಡಿಸಿದ ಮೊಬೈಲ್ ಯಾರ ಹತ್ತಿರ ಇದೆ ಅಂತ ಮೊದಲು ಪತ್ತೆ ಮಾಡಿಕೊಳ್ಳಿ. ಅಪ್ಪ ಸಿಮ್ ಬದಲಿಸಿದ್ದರೆ ಅಲ್ಲೇ ಒಂದು ವಾರ ಹೋಗುತ್ತದೆ.

ಹೆಸರೂ ನೋಡಿ. ಶಾಲೆ ದಾಖಲೆಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಹಿಂದೆ, ಹೀಗಿದ್ದು ತೊಡಕಾದ ಮಕ್ಕಳಿದ್ದಾರೆ.

ಇನ್ನೊಂದು ಮಾತು, ದಯವಿಟ್ಟು ಇದನ್ನು ಆ ನಾಲ್ಕೂ ಮನೆಗೆ ಹೋಗಿ ಹೇಳಿ. ಈ ಹಣ ಒಂದು ಸಲ ಪಾಸಾದರೆ ನಾಲ್ಕು ವರ್ಷ ತಾನಾಗೇ ಬರುತ್ತದೆ ಅಂತ ಹಳ್ಳಿಯಲ್ಲಿ ತಿಳಿದಿರುತ್ತಾರೆ. ಹಾಗಲ್ಲ. ಪ್ರತಿ ವರ್ಷ ಎನ್‌ಎಸ್‌ಪಿ (ಕೇಂದ್ರದ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ ರಿನ್ಯೂವಲ್ ಹಾಕಬೇಕು, ಓದುತ್ತಿರುವ ಶಾಲೆಯವರು ಪರಿಶೀಲಿಸಬೇಕು, ಆಮೇಲೆ ಜಿಲ್ಲೆಯ ನೋಡಲ್ ಅಧಿಕಾರಿ. ಒಂಬತ್ತನೇ ತರಗತಿ ಮೊದಲ ಯತ್ನದಲ್ಲೇ ಪಾಸಾಗಬೇಕು. ಹತ್ತರಲ್ಲಿ 60 ಪರ್ಸೆಂಟ್ ಬೇಕು, ಎಸ್‌ಸಿ, ಎಸ್‌ಟಿ ಮಕ್ಕಳಿಗೆ 55. ಖಾಸಗಿ ಅನುದಾನರಹಿತ ಶಾಲೆಗೆ ಸೇರಿಸಿದರೆ ನಿಂತುಹೋಗುತ್ತದೆ. ಊಟ, ವಸತಿ ಎಲ್ಲ ಸರ್ಕಾರವೇ ಕೊಡುವ ವಸತಿ ಶಾಲೆಗೆ ಹೋದರೂ ಅಷ್ಟೆ. ಪರೀಕ್ಷೆ ಗೆಲ್ಲಿಸಿ ಕಳಿಸಿದ ಶಾಲೆ ಬೇರೆ, ರಿನ್ಯೂವಲ್ ಮಾಡಬೇಕಾದ ಶಾಲೆ ಬೇರೆ. ಈ ನಡುವಿನ ಸಂದಿಯಲ್ಲೇ ಮಕ್ಕಳು ಕೈಬಿಟ್ಟು ಹೋಗುವುದು.

—

ನಿವೃತ್ತ ಮುಖ್ಯಶಿಕ್ಷಕಿ, ಮಂಡ್ಯ:

ಟೀಚರ್, ನಿಮ್ಮ ಸಂಕೋಚ ನನಗೆ ಅರ್ಥವಾಗುತ್ತೆ ಕಣಮ್ಮ. ಆದರೂ ಹಾಕಿ ಅಂತಲೇ ಹೇಳುತ್ತೇನೆ.

ರಾಷ್ಟ್ರ ಪ್ರಶಸ್ತಿ ಶುರುವಾಗಿದ್ದು 1958ರಲ್ಲಿ. ನನ್ನ ಸೇವೆಯ ಬಹುಪಾಲು ಕಾಲ ಹೆಸರು ಹೋಗುತ್ತಿದ್ದದ್ದು ಇಲಾಖೆಯ ಫೈಲಿನ ಮೂಲಕ. ಯಾರ ಹೆಸರು ಮೇಲಕ್ಕೆ ಹೋಯಿತು, ಯಾಕೆ ಹೋಯಿತು ಅಂತ ಹಳ್ಳಿ ಶಾಲೆಯವರಿಗೆ ತಿಳಿಯುತ್ತಲೂ ಇರಲಿಲ್ಲ. ಮೂವತ್ತು ವರ್ಷ ಒಂದೇ ಊರಲ್ಲಿ ಪಾಠ ಮಾಡಿದ ನನ್ನ ಗೆಳತಿಯೊಬ್ಬಳು ಒಂದು ಶಾಲು ಕೂಡ ಕಾಣದೆ ನಿವೃತ್ತಿಯಾದಳು. 2018ರಲ್ಲಿ ನಿಯಮ ಬದಲಾಗಿ ಶಿಕ್ಷಕರೇ ನೇರವಾಗಿ ಆನ್‌ಲೈನ್ ಅರ್ಜಿ ಹಾಕುವಂತಾಯಿತು. ಮುನ್ನೂರಕ್ಕೂ ಹೆಚ್ಚು ಇದ್ದ ಪ್ರಶಸ್ತಿಗಳ ಸಂಖ್ಯೆಯನ್ನು ಐವತ್ತರ ಆಸುಪಾಸಿಗೆ ಇಳಿಸಿದ್ದೂ ಆಗಲೇ. ಅಂದರೆ ಬರುವುದು ಬಹಳ ಕಷ್ಟ, ಅದನ್ನು ತಿಳಿದುಕೊಂಡೇ ಹಾಕಿ. ನೀವು ಅಂಗಲಾಚುತ್ತಿಲ್ಲ. ಅವರು ಬಾಗಿಲು ತೆರೆದಿಟ್ಟಿದ್ದಾರೆ, ನೀವು ಹೋಗಿ ನಿಮ್ಮ ಕೆಲಸ ತೋರಿಸುತ್ತೀರಿ.

ಕಾಯಂ ಸೇವೆ ಕನಿಷ್ಠ 10 ವರ್ಷ ಆಗಿರಬೇಕು, ನಿಮಗೆ ಆಗಿದೆ. ಟ್ಯೂಷನ್ ಹೇಳಿರಬಾರದು. ನೀವು ಬೆಳಿಗ್ಗೆ, ಸಂಜೆ ದುಡ್ಡಿಲ್ಲದೆ ಶಾಲೆಯಲ್ಲೇ ಹೇಳಿಕೊಟ್ಟದ್ದು ಟ್ಯೂಷನ್ ಅಲ್ಲ, ಅದರ ಚಿಂತೆ ಬೇಡ. ಮೊದಲು ಜಿಲ್ಲಾ ಸಮಿತಿ, ಆಮೇಲೆ ರಾಜ್ಯ ಸಮಿತಿ, ಕೊನೆಗೆ ರಾಷ್ಟ್ರಮಟ್ಟದ ತೀರ್ಪುಗಾರರ ಮುಂದೆ ನಿಂತು ಹೇಳಬೇಕು. ಬಂದರೆ ಸೆಪ್ಟೆಂಬರ್ 5ಕ್ಕೆ ದೆಹಲಿಯಲ್ಲಿ ರಾಷ್ಟ್ರಪತಿಗಳ ಕೈಯಿಂದ ಬೆಳ್ಳಿ ಪದಕ, ಪ್ರಮಾಣಪತ್ರ, 50,000 ರೂಪಾಯಿ.

ಅರ್ಜಿ ತುಂಬುವಾಗ ನಮ್ಮವರು ಮಾಡುವ ತಪ್ಪು ಹೇಳುತ್ತೇನೆ. ಹಾರ ಹಾಕಿಸಿಕೊಂಡ ಫೋಟೊ, ಪತ್ರಿಕೆ ತುಣುಕು, ದಾನಿಗಳಿಂದ ತಂದ ಕುರ್ಚಿ, ಫ್ಯಾನು ಎಲ್ಲ ಸೇರಿಸಿ ಕಟ್ಟು ಮಾಡುತ್ತಾರೆ. ಮಾರ್ಗಸೂಚಿಯಲ್ಲಿ ಅಂಕಗಳ ಬಹುಪಾಲು ಇರುವುದು ಕಲಿಕೆಯಲ್ಲಿ ಏನು ಹೊಸದು ಮಾಡಿದಿರಿ, ಅದರಿಂದ ಮಕ್ಕಳಿಗೆ ಏನಾಯಿತು ಅನ್ನುವಂಥದ್ದಕ್ಕೆ. ನಿಮ್ಮ ಪ್ರಶ್ನೆ ಓದುತ್ತಾ ಆ ಕನ್ನಡಿ ಚೂರಿನ ಹತ್ತಿರ ನಾನು ನಿಂತುಬಿಟ್ಟೆ. ಅದನ್ನು ಬರೆಯಿರಿ. ಮಗು ತಂದದ್ದು ಅಂತಲೇ ಬರೆಯಿರಿ.

2020ರಲ್ಲಿ ಗ್ಲೋಬಲ್ ಟೀಚರ್ ಪ್ರೈಜ್ ಪಡೆದ ರಂಜಿತ್‌ಸಿಂಹ ಡಿಸಳೆ ಅವರ ವಿಷಯ ನಾನು ಎಲ್ಲ ಕಿರಿಯ ಶಿಕ್ಷಕರಿಗೂ ಹೇಳುತ್ತಿರುತ್ತೇನೆ. ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಗೆ ಅವರು ಹೋದಾಗ ಮಕ್ಕಳ ಮನೆಮಾತು ಕನ್ನಡ, ಪಠ್ಯಪುಸ್ತಕದ ಭಾಷೆ ಬೇರೆ. ಆ ಮೇಷ್ಟ್ರು ತಾವೇ ಕನ್ನಡ ಕಲಿತರು, ಪಾಠಗಳನ್ನು ಮಕ್ಕಳ ಭಾಷೆಗೆ ತಂದರು, ಕ್ಯೂಆರ್ ಕೋಡ್ ಅಂಟಿಸಿ ಹಾಡು, ವಿಡಿಯೊ ಕೇಳುವಂತೆ ಮಾಡಿದರು. ಹತ್ತು ಲಕ್ಷ ಡಾಲರ್ ಬಹುಮಾನ ಬಂದಾಗ ಅರ್ಧವನ್ನು ಅಂತಿಮ ಸುತ್ತಿನಲ್ಲಿದ್ದ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು. ಅಂಥವರ ಕೆಲಸ ಲೋಕಕ್ಕೆ ತಿಳಿದದ್ದು ಯಾರೋ ಒಬ್ಬರು ಅದನ್ನು ಅರ್ಜಿಯ ರೂಪದಲ್ಲಿ ಬರೆದದ್ದರಿಂದ ಅಲ್ಲವೇ?

—

2013ರ ಬ್ಯಾಚ್:

ಟೀಚರ್, ನಾನು ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಬರೆದು ಆಯ್ಕೆಯಾದವನು. ನಮ್ಮ ಕಾಲಕ್ಕೆ ತಿಂಗಳಿಗೆ 500, ವರ್ಷಕ್ಕೆ 6,000. ಸಾವಿರ ಮಾಡಿದ್ದು 2017ರ ಏಪ್ರಿಲ್‌ನಿಂದ. ನನಗೆ ಹಣ ಬಂದದ್ದು ಬಹಳ ತಡವಾಗಿ, ಒಟ್ಟಿಗೆ. ಆಗ ಅದು ಹೇಗೆ ಬಂತು ಅಂತ ಯೋಚನೆ ಕೂಡ ಮಾಡಿರಲಿಲ್ಲ. ಡಿಗ್ರಿ ಮುಗಿಸಿದ ಮೇಲೆ ಒಮ್ಮೆ ಊರಿಗೆ ಹೋದಾಗ ಅಪ್ಪ ಹೇಳಿದರು, ನಮ್ಮ ಗಣಿತದ ಸರ್ ಮೂರು ಸಲ ಬ್ಯಾಂಕಿಗೂ ಒಂದು ಸಲ ಜಿಲ್ಲಾ ಕೇಂದ್ರಕ್ಕೂ ನನ್ನ ಕಾಗದ ಹಿಡಿದುಕೊಂಡು ಅಲೆದಿದ್ದರಂತೆ. ಅಷ್ಟೊತ್ತಿಗೆ ಸರ್ ತೀರಿಕೊಂಡಿದ್ದರು.

ಆ ದುಡ್ಡಲ್ಲಿ ಪಿಯುಸಿಯ ಪುಸ್ತಕ, ಬಸ್ ಪಾಸ್ ಆಯಿತು. ಉಳಿದದ್ದರಲ್ಲಿ ಅಪ್ಪ ಒಂದು ಟೇಬಲ್ ಫ್ಯಾನ್ ತಂದರು, ಓದುವ ಮೂಲೆಗೆ ಅಂತ. ನನ್ನ ಜೊತೆ ಆಯ್ಕೆಯಾದ ಗೆಳೆಯ ಹತ್ತು ಮುಗಿಸಿ ಡಿಪ್ಲೊಮಾ ಸೇರಿದ, ಅವನಿಗೆ ನಿಂತುಹೋಯಿತು. ಒಂಬತ್ತರಿಂದ ಹನ್ನೆರಡರ ಓದಿಗೆ ಮಾತ್ರ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಡಿಪ್ಲೊಮಾ ಸೇರಿದ್ದು ಅವನಿಗೆ ಒಳ್ಳೆಯದೇ ಆಯಿತು, ಆದರೆ ಗೊತ್ತಿದ್ದು ಸೇರಬೇಕಿತ್ತು ಅನ್ನಿಸುತ್ತದೆ. ನಿಮ್ಮ ಮಕ್ಕಳಿಗೆ ಈಗಲೇ ಹೇಳಿಡಿ.

—

ಎಂಟನೇ ತರಗತಿ ಮೇಷ್ಟ್ರು, ಚಾಮರಾಜನಗರ:

ನಾನು ಸ್ವಲ್ಪ ಬೇರೆ ಮಾತು ಹೇಳಬೇಕು. 11ರಲ್ಲಿ 4 ಆಯ್ಕೆಯಾದರು, ಸಂತೋಷ. ಉಳಿದ 7 ಮಕ್ಕಳು? ಈ ಪರೀಕ್ಷೆಯಲ್ಲಿ ಅರ್ಹತೆ ಬೇರೆ, ಆಯ್ಕೆ ಬೇರೆ. ಎರಡೂ ಪತ್ರಿಕೆ ಸೇರಿ 40 ಪರ್ಸೆಂಟ್, ಎಸ್‌ಸಿ, ಎಸ್‌ಟಿಗೆ 32 ಪರ್ಸೆಂಟ್ ತೆಗೆದರೆ ಅರ್ಹರು. ಆದರೆ ದೇಶಕ್ಕೆಲ್ಲ ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿವೇತನ, ಅದರಲ್ಲಿ ರಾಜ್ಯಕ್ಕೆ ಇಷ್ಟೇ ಅಂತ ಕೋಟಾ. ಅರ್ಹರಾಗಿಯೂ ಪಟ್ಟಿಯಲ್ಲಿ ಹೆಸರಿಲ್ಲದ ಮಕ್ಕಳು "ನಾನು ಫೇಲು" ಅಂತಲೇ ತಿಳಿಯುತ್ತಾರೆ. ನನ್ನ ಒಬ್ಬ ವಿದ್ಯಾರ್ಥಿ ಫಲಿತಾಂಶದ ಮಾರನೇ ದಿನದಿಂದ ಹಿಂದಿನ ಬೆಂಚಿಗೆ ಹೋಗಿ ಕೂತ. ಅವನ ಅಂಕಪಟ್ಟಿ ತೋರಿಸಿ, "ನೀನು ಅರ್ಹನಾಗಿದ್ದೀಯ, ಸೀಟು ಮುಗಿದಿತ್ತು ಅಷ್ಟೆ" ಅಂತ ಅವನ ಅಪ್ಪನ ಎದುರೇ ಹೇಳಿದ ಮೇಲೆ ಮುಂದೆ ಬಂದ. ಪ್ರಶಸ್ತಿ ಅರ್ಜಿ ಹಾಕುವುದಾದರೆ ಹಾಕಿ, ಆದರೆ ಆ ಏಳೂ ಮಕ್ಕಳನ್ನು ಒಮ್ಮೆ ಕರೆದು ಮಾತಾಡಿಸಿ ಆಮೇಲೆ ಹಾಕಿ.

—

ಹತ್ತಿ ಸೀಮೆ ಟೀಚರ್:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರಿಗೂ ಧನ್ಯವಾದ.

ಹಾವೇರಿಯ ಸರ್ ಹೇಳಿದ್ದೇ ಆಗಿತ್ತು. ಸಿಮ್ ಅವಳ ಅಣ್ಣನ ಹತ್ತಿರ ಇತ್ತು, ಅವನು ದುಡಿಯಲು ಬೆಂಗಳೂರಿಗೆ ಹೋಗಿದ್ದಾನೆ. ಫೋನಿನಲ್ಲೇ ಓಟಿಪಿ ಕೇಳಿ ನೋಡಿದರೆ ಬ್ಯಾಂಕಿನ ಹೆಸರೇ ಬೇರೆ ಬಂತು. ಅವಳು ಐದನೇ ತರಗತಿಯಲ್ಲಿದ್ದಾಗ ಊರಲ್ಲಿ ಯಾವುದೋ ಕ್ಯಾಂಪ್ ಹಾಕಿ ಮಕ್ಕಳಿಗೆಲ್ಲ ಖಾತೆ ತೆರೆದಿದ್ದರಂತೆ. ಮನೆಯಲ್ಲಿ ಎಲ್ಲರೂ ಮರೆತಿದ್ದರು, ಪಾಸ್‌ಬುಕ್ಕೂ ಇಲ್ಲ. ಶನಿವಾರ ಬೆಳಗಿನ ಶಾಲೆ ಮುಗಿಸಿ ಅವ್ವ, ಮಗಳು, ನಾನು ಮೂವರೂ ಆ ಬ್ಯಾಂಕಿಗೆ ಹೋದೆವು. ಹೊಸ ಪಾಸ್‌ಬುಕ್ ಕೊಟ್ಟು ಮಷಿನ್ನಿಗೆ ಹಾಕಿದರು. ಕೊನೆಯ ಸಾಲಿನಲ್ಲಿ 12,000 ಜಮಾ. ಎರಡು ತಿಂಗಳಿಂದ ಅಲ್ಲೇ ಬಿದ್ದಿತ್ತು. ಅವ್ವನಿಗೆ ಓದಲು ಬರುವುದಿಲ್ಲ, ಮಗಳ ಕೈಗೆ ಪಾಸ್‌ಬುಕ್ ಕೊಟ್ಟು "ಓದು" ಅಂದರು. ಹುಡುಗಿ ಬೆರಳಿಟ್ಟು ಒಂದೊಂದೇ ಅಂಕಿ ಓದಿದಳು. "ಇನ್ನೊಮ್ಮೆ ಓದು" ಅಂದರು. ಮತ್ತೆ ಓದಿದಳು.

ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನೂ ಕಂಡು ನಾಲ್ವರ ರಿನ್ಯೂವಲ್ ಬಗ್ಗೆ ಮಾತಾಡಿ ಬಂದೆ. ಅಲ್ಲಿನ ಒಬ್ಬ ಸರ್ ಜವಾಬ್ದಾರಿ ವಹಿಸಿಕೊಂಡಿದ್ದಾರೆ.

ಚಾಮರಾಜನಗರದ ಸರ್, ಏಳು ಮಕ್ಕಳಲ್ಲಿ ಐದು ಜನ ಸಿಕ್ಕರು. ಅವರಲ್ಲಿ ಮೂವರು ಅರ್ಹರಾಗಿದ್ದರು, ನಾನೇ ಸರಿಯಾಗಿ ನೋಡಿ ಹೇಳಿರಲಿಲ್ಲ. ಸಿಗದ ಇನ್ನಿಬ್ಬರು ಓದು ಬಿಟ್ಟು ಕೂಲಿಗೆ ಹೋಗುತ್ತಿದ್ದಾರೆ ಅಂತ ತಿಳಿಯಿತು. ಅವರ ಮನೆಗೆ ಈ ಭಾನುವಾರ ಹೋಗುತ್ತೇನೆ.

ಮಂಡ್ಯದ ಮೇಡಂ, ಪ್ರಶಸ್ತಿಯ ಅರ್ಜಿ ತುಂಬಲು ಶುರು ಮಾಡಿದ್ದೇನೆ. ಕನ್ನಡಿಯ ವಿಷಯ ಬರೆಯಲಾ ಅಂತ ಹುಡುಗಿಯನ್ನು ಕೇಳಿದೆ. "ಬರೀರಿ ಟೀಚರ, ಆದ್ರ ಅದು ನಾ ಒಡದಿದ್ದಲ್ಲ ಅಂತ ಬರೀರಿ" ಅಂದಳು. ಹಾಗೇ ಬರೆದಿದ್ದೇನೆ.

ಈ ವರ್ಷ 16 ಮಕ್ಕಳು ಪರೀಕ್ಷೆಗೆ ಕೂರುತ್ತಿದ್ದಾರೆ. ಎರಡನೇ ಪತ್ರಿಕೆಯಲ್ಲಿ ವಿಜ್ಞಾನ, ಗಣಿತ ನಾನು ನೋಡಿಕೊಳ್ಳುತ್ತೇನೆ. ಸಮಾಜದ 35 ಪ್ರಶ್ನೆಯಲ್ಲೇ ನಮ್ಮ ಮಕ್ಕಳು ಸೋರುತ್ತಾರೆ. ಹಳೇ ಪ್ರಶ್ನೆಪತ್ರಿಕೆ, ಘಟಕವಾರು ಟಿಪ್ಪಣಿ ಯಾರ ಹತ್ತಿರವಾದರೂ ಇದ್ದರೆ ಇಲ್ಲೇ ಹಾಕಿ. ಹತ್ತಿ ಬಿಡಿಸುವುದಕ್ಕೆ ಮುಂಚೆ ಬೇಕು.