ಡೆಸ್ಕ್‌ಟಾಪ್‌ಗೆ ಡಿವಿಡಿ ಡ್ರೈವ್ ನಾನೇ ಹಾಕಬಹುದಾ?

ಪ್ರಶ್ನೆ (ಸಾಗರದಿಂದ):
ನಮಸ್ಕಾರ ಸರ್. ಅಟ್ಟ ಗುಡಿಸುವಾಗ ಅಪ್ಪಯ್ಯನ ಹಳೇ ಡಬ್ಬಿ ಸಿಕ್ಕಿತು. ಒಳಗೆ ಸುಮಾರು 40 ಡಿಸ್ಕ್. ಮದುವೆ, ಉಪನಯನ, ಊರಲ್ಲಾದ ಯಕ್ಷಗಾನ, ಎಲ್ಲ 2004ರಿಂದ 2012ರ ಒಳಗಿನವು. ಒಂದರಲ್ಲಿ ಅಜ್ಜಿ ಹಸೆ ಹಾಡು ಹೇಳಿದ್ದಿದೆಯಂತೆ. ಅವರ ದನಿ ಬೇರೆಲ್ಲೂ ಇಲ್ಲ. ನಮ್ಮ ಡೆಸ್ಕ್‌ಟಾಪ್ ಮೂರು ವರ್ಷದ ಹಿಂದೆ ಅಸೆಂಬಲ್ ಮಾಡಿಸಿದ್ದು, ಡಿಸ್ಕ್ ಡ್ರೈವ್ ಹಾಕಿಸಿರಲಿಲ್ಲ. ಕ್ಯಾಬಿನೆಟ್ ಮುಂದೆ ಒಂದು ಪ್ಲಾಸ್ಟಿಕ್ ಮುಚ್ಚಳವಿದೆ, ಅದರ ಹಿಂದೆ ಖಾಲಿ. ಹಳೇ ಕಂಪ್ಯೂಟರಿನಿಂದ ಬಿಚ್ಚಿಟ್ಟ ಡ್ರೈವ್ ಒಂದಿದೆ, ಅದಕ್ಕೆ ಅಗಲವಾದ ಪಟ್ಟಿಯಂಥ ಕೇಬಲ್. ಅದನ್ನೇ ಹಾಕಬಹುದಾ? ಸ್ಕ್ರೂಡ್ರೈವರ್ ಹಿಡಿಯಲು ಬರುತ್ತದೆ, ಅದಕ್ಕಿಂತ ಜಾಸ್ತಿ ಗೊತ್ತಿಲ್ಲ.

ಉತ್ತರ (ಕಂಪ್ಯೂಟರ್ ರಿಪೇರಿ ಮಾಡುವವನು, ಹಾಸನ):
ನಮಸ್ಕಾರ ಮೇಡಂ. ಸ್ಕ್ರೂಡ್ರೈವರ್ ಹಿಡಿಯಲು ಬಂದರೆ ಸಾಕು. ಆದರೆ ಆ ಹಳೇ ಡ್ರೈವ್ ಬಿಟ್ಟುಬಿಡಿ. ಪಟ್ಟಿ ಕೇಬಲ್ ಅಂದರೆ ಐಡಿಇ ಅನ್ನುವ ಹಳೇ ಬಗೆಯ ಜೋಡಣೆ, 40 ಪಿನ್ನಿನದು. ಮೂರು ವರ್ಷದ ಮದರ್‌ಬೋರ್ಡ್‌ನಲ್ಲಿ ಅದನ್ನು ಚುಚ್ಚುವ ಜಾಗವೇ ಇರುವುದಿಲ್ಲ. ನಿಮಗೆ ಬೇಕಾದ್ದು ಸಾಟಾ ಡಿವಿಡಿ ರೈಟರ್, ಅಂದರೆ ಈಗಿನ ಸಣ್ಣ ಕೇಬಲ್ಲಿನ ಡ್ರೈವ್.

ಮೂರೋ ನಾಲ್ಕೋ ಡಿಸ್ಕ್ ಆಗಿದ್ದರೆ ಯಾರದಾದರೂ ಯುಎಸ್‌ಬಿ ಡ್ರೈವ್ ಎರಡು ದಿನಕ್ಕೆ ಕೇಳಿ ತನ್ನಿ ಅನ್ನುತ್ತಿದ್ದೆ. 40 ಡಿಸ್ಕ್, ಅದೂ ಹಳೆಯವು ಅಂದರೆ ಒಳಗೇ ಕೂರುವ ದೊಡ್ಡ ಡ್ರೈವ್ ಒಳ್ಳೆಯದು. ಗೀರು ಬಿದ್ದ ಡಿಸ್ಕ್ ಓದುವುದರಲ್ಲಿ ಅದರದೇ ಮೇಲುಗೈ. ಇದು ನನ್ನ ಅನುಭವದ ಮಾತು.

ದುಡ್ಡು ಕೊಡುವ ಮೊದಲು ಕ್ಯಾಬಿನೆಟ್ ಬಿಚ್ಚಿ ನೋಡಿ. ಮುಚ್ಚಳದ ಹಿಂದೆ 5.25 ಇಂಚಿನ ಗೂಡು ಪೂರ್ತಿ ಇದೆಯಾ? ಈಗಿನ ಗಾಜಿನ ಕ್ಯಾಬಿನೆಟ್‌ಗಳಲ್ಲಿ ಅದನ್ನೇ ತೆಗೆದಿರುತ್ತಾರೆ. ಮದರ್‌ಬೋರ್ಡ್‌ನಲ್ಲಿ ಖಾಲಿ ಸಾಟಾ ಪೋರ್ಟ್ ಇದೆಯಾ? ಪವರ್ ಸಪ್ಲೈಯಿಂದ ಬರುವ ವೈರುಗಳಲ್ಲಿ ಚಪ್ಪಟೆ ಮೂತಿಯದು, 15 ಪಿನ್ನಿನದು, ಒಂದಾದರೂ ಖಾಲಿ ಇದೆಯಾ? ಬರೀ ನಾಲ್ಕು ಪಿನ್ನಿನ ಬಿಳಿ ಮೂತಿ ಉಳಿದಿದ್ದರೆ ಕನ್ವರ್ಟರ್ ಸಿಗುತ್ತದೆ. ಆದರೆ ಅಚ್ಚು ಹೊಯ್ದ ಅಗ್ಗದ ಕನ್ವರ್ಟರ್ ಬೇಡ, ಒಳಗೆ ವೈರು ತಾಗಿ ಸುಟ್ಟದ್ದನ್ನು ನೋಡಿದ್ದೇನೆ.

ಕಂಪ್ಯೂಟರ್ ಶಟ್‌ಡೌನ್ ಮಾಡಿ ಪ್ಲಗ್ ಕೀಳಿ. ಆಮೇಲೂ ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಖಾಲಿಯಾಗುತ್ತದೆ. ಒಳಗೆ ಕೈ ಹಾಕುವ ಮೊದಲು ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ. ಎರಡೂ ಬದಿಯ ಬಾಗಿಲು ತೆಗೆಯಿರಿ, ಸ್ಕ್ರೂ ಎರಡೂ ಕಡೆ ಬೇಕು. ಪ್ಲಾಸ್ಟಿಕ್ ಮುಚ್ಚಳವನ್ನು ಮುಂದಿನಿಂದ ಚಾಕು ಹಾಕಿ ಎಬ್ಬಬೇಡಿ, ಒಳಗಿನಿಂದ ಕೊಂಡಿ ಒತ್ತಿದರೆ ತಾನೇ ಬರುತ್ತದೆ. ಡ್ರೈವನ್ನು ಮುಂದಿನಿಂದಲೇ ಒಳಕ್ಕೆ ಜಾರಿಸಿ. ಸಾಟಾ ಕೇಬಲ್ ಮೂತಿ ಇಂಗ್ಲಿಷಿನ ಎಲ್ ಅಕ್ಷರದ ಹಾಗಿರುತ್ತದೆ, ಒಂದೇ ದಿಕ್ಕಿಗೆ ಕೂರುತ್ತದೆ. ಕೂರದಿದ್ದರೆ ತಿರುಗಿಸಿ, ಬಲ ಹಾಕಬೇಡಿ.

ಡ್ರೈವ್ ಜೊತೆ ಕೇಬಲ್, ಸ್ಕ್ರೂ ಬಾರದೆಯೂ ಇರಬಹುದು, ಅಂಗಡಿಯಲ್ಲೇ ಕೇಳಿ. ಮೊದಲು ಮನೆಯಲ್ಲಿ ಮದರ್‌ಬೋರ್ಡ್ ಬಾಕ್ಸ್ ಹುಡುಕಿ. ಸಾಮಾನ್ಯವಾಗಿ ಎರಡು ಸಾಟಾ ಕೇಬಲ್ ಅದರಲ್ಲೇ ಬಿದ್ದಿರುತ್ತವೆ.

ಇನ್ನೊಬ್ಬ ಸದಸ್ಯರು:
ಅಣ್ಣಾ, ಹಾರ್ಡ್ ಡಿಸ್ಕ್‌ನದ್ದೇ ಸ್ಕ್ರೂ ಹಾಕಿದರೆ ಆಗಲ್ವಾ? ನನ್ನ ಹತ್ತಿರ ರಾಶಿ ಇವೆ.

ಉತ್ತರ:
ಆಗಲ್ಲ. ಹಾರ್ಡ್ ಡಿಸ್ಕ್ ಸ್ಕ್ರೂವಿನ ಮರೆ, ಅಂದರೆ ಸುತ್ತಿನ ಗೆರೆ, ದಪ್ಪ. ಡಿವಿಡಿ ಡ್ರೈವ್‌ಗೆ ಬೇಕಾದ್ದು ಸಣ್ಣ ಮರೆಯ ಎಂ3 ಅಳತೆಯ ಸ್ಕ್ರೂ. ಒತ್ತಿ ತಿರುಗಿಸಿದರೆ ತೂತಿನ ಮರೆ ಹಾಳು. ಉದ್ದವೂ ಹೆಚ್ಚಿರಬಾರದು, ಒಳಗೆ ತಾಗುತ್ತದೆ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ನಂತರ):
ಹಾಕಿದೆ ಸರ್! ಬಟನ್ ಒತ್ತಿದರೆ ಟ್ರೇ ಹೊರಗೆ ಬರುತ್ತದೆ. ಆದರೆ ವಿಂಡೋಸ್‌ನಲ್ಲಿ ಡ್ರೈವ್ ಕಾಣುತ್ತಲೇ ಇಲ್ಲ. ಡ್ರೈವರ್ ಸಿಡಿ ಬೇಕಿತ್ತಾ? ಅದನ್ನು ಹಾಕಲಿಕ್ಕಾದರೂ ಡ್ರೈವ್ ಬೇಕಲ್ಲ!

ಉತ್ತರ:
ಡ್ರೈವರ್ ವಿಂಡೋಸ್‌ನಲ್ಲೇ ಇದೆ, ಬೇರೆ ಬೇಡ. ಟ್ರೇ ಹೊರಗೆ ಬರುತ್ತದೆ ಅಂದರೆ ಪವರ್ ಸರಿ ಇದೆ. ತೊಂದರೆ ಡೇಟಾ ಕೇಬಲ್ ಕಡೆ. ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆಗೆ, ಹೋಗಿ ನೋಡಿ. ಅಲ್ಲೂ ಹೆಸರು ಇಲ್ಲದಿದ್ದರೆ ಬೇರೆ ಪೋರ್ಟ್‌ಗೆ ಚುಚ್ಚಿ. ನಿಮ್ಮಲ್ಲಿ ಹಾರ್ಡ್ ಡಿಸ್ಕ್ ಬದಲಿಗೆ ಬಳಸುವ ಎಂ.2 ಎಸ್‌ಎಸ್‌ಡಿ ಇದೆಯಾ? ಬಬಲ್ ಗಮ್ ಪಟ್ಟಿಯ ಹಾಗೆ ಬೋರ್ಡ್ ಮೇಲೆ ಮಲಗಿರುತ್ತದೆ. ಎಷ್ಟೋ ಬೋರ್ಡ್‌ಗಳಲ್ಲಿ ಅದು ಇದ್ದರೆ ಒಂದೋ ಎರಡೋ ಸಾಟಾ ಪೋರ್ಟ್ ಕೆಲಸ ಮಾಡುವುದಿಲ್ಲ. ಯಾವುದು ಅಂತ ಮ್ಯಾನುಯಲ್‌ನಲ್ಲಿ ಬರೆದಿರುತ್ತದೆ. ಇದನ್ನು ನಾನು ಮೊದಲೇ ಹೇಳಬೇಕಿತ್ತು.

ಪ್ರಶ್ನೆ ಕೇಳಿದವರು:
ಅದೇ ಸರ್! ಪೋರ್ಟ್ ಬದಲಾಯಿಸಿದೆ, ಬಂತು. ಈಗ ಇನ್ನೆರಡು ಗೋಳು. ಡಿಸ್ಕ್ ಹಾಕಿದರೆ ಫೋಲ್ಡರ್ ಕಾಣುತ್ತದೆ, ಸಿನಿಮಾ ಓಡುವುದಿಲ್ಲ. ಇನ್ನೊಂದು ಡಿಸ್ಕ್ ಹಾಕಿದರೆ ಖಾಲಿ ಅನ್ನುತ್ತದೆ, ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತದೆ. ಅದರ ಮೇಲೆ 'ಅತ್ತೆ ಮದುವೆ' ಅಂತ ಅಪ್ಪಯ್ಯನ ಅಕ್ಷರ ಇದೆ.

ಉತ್ತರ:
ಫಾರ್ಮ್ಯಾಟ್ ಒತ್ತಬೇಡಿ! ಕ್ಯಾನ್ಸಲ್ ಮಾಡಿ, ಡಿಸ್ಕ್ ತೆಗೆದು ಪಕ್ಕಕ್ಕಿಡಿ.

ಮೊದಲನೆಯದು ಸುಲಭ. ವಿಂಡೋಸ್ 8ರಿಂದ ಈಚೆಗೆ ಡಿವಿಡಿ ಸಿನಿಮಾ ಓಡಿಸುವ ಸೌಲಭ್ಯ ಅದರ ಪ್ಲೇಯರಿನಲ್ಲಿ ಸುಮ್ನೆ ಬರುವುದಿಲ್ಲ. ವಿಎಲ್‌ಸಿ ಅನ್ನುವ ಪ್ಲೇಯರ್ ಹಾಕಿಕೊಳ್ಳಿ, ಪುಕ್ಕಟೆ.

ಎರಡನೆಯದನ್ನು ರೆಕಾರ್ಡ್ ಮಾಡಿದವರು ಕೊನೆಗೆ ಫೈನಲೈಸ್ ಮಾಡದೆ, ಅಂದರೆ ಬೇರೆ ಯಂತ್ರಗಳೂ ಓದುವಂತೆ ಡಿಸ್ಕ್ ಮುಗಿಸದೆ, ಬಿಟ್ಟಿರಬಹುದು. ಆಗ ವಿಡಿಯೋ ಒಳಗಿದ್ದರೂ ಕಂಪ್ಯೂಟರಿಗೆ ಖಾಲಿ ಕಾಣುತ್ತದೆ. ರೆಕಾರ್ಡ್ ಮಾಡಿದ ಯಂತ್ರವೇ ಯಾರ ಹತ್ತಿರವಾದರೂ ಇದ್ದರೆ ಅದರಲ್ಲಿ ಫೈನಲೈಸ್ ಮಾಡಬಹುದು. ಇಲ್ಲದಿದ್ದರೆ ಐಸೋಬಸ್ಟರ್ ಅನ್ನುವ ಸಾಫ್ಟ್‌ವೇರ್ ಇಂಥ ಡಿಸ್ಕ್ ಓದಲು ನೋಡುತ್ತದೆ. ಇದು ಕೊನೆಗಿರಲಿ.

ಉಳಿದವನ್ನು ನೋಡುತ್ತಾ ಕೂರಬೇಡಿ, ಮೊದಲು ಕಾಪಿ ಮಾಡಿ. ಡಿವಿಡಿಯಲ್ಲಿ ವಿಡಿಯೋ ಟಿಎಸ್ ಅನ್ನುವ ಫೋಲ್ಡರ್ ಇರುತ್ತದೆ, ಅದನ್ನು ಇಡಿಯಾಗಿ ಎಳೆದು ಹಾಕಿ. ಮನೆ ಸಮಾರಂಭದ ಡಿಸ್ಕ್‌ಗೆ ಬೀಗ ಇರುವುದಿಲ್ಲ. ಒಂದಕ್ಕೆ 4.7 ಜಿಬಿ ಹಿಡಿದರೂ 40ಕ್ಕೆ 188 ಜಿಬಿ, ಅಷ್ಟೇ. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗೆ ಹಾಕಿ, ಒಂದನ್ನು ತಮ್ಮನ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇಡಿ. ಮತ್ತೆ ಡಿವಿಡಿಗೇ ಬರೆಯುವ ಕೆಲಸ ಮಾತ್ರ ಬೇಡ. ಅದರ ಬಣ್ಣದ ಪದರ ಬಿಸಿಲಿಗೆ, ಸೆಕೆಗೆ ಕೆಡುತ್ತದೆ.

ಧೂಳಿದ್ದರೆ ಮೆತ್ತನೆ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ. ಗುಂಡಗೆ ತಿಕ್ಕಬೇಡಿ. ಡೇಟಾ ಸುತ್ತಾಗಿಯೇ ಬರೆದಿರುತ್ತದೆ, ಅದೇ ದಿಕ್ಕಿಗೆ ಗೀರಾದರೆ ಡ್ರೈವ್‌ಗೆ ಓದುವುದು ಕಷ್ಟ.

ಪ್ರಶ್ನೆ ಕೇಳಿದವರು:
31 ಡಿಸ್ಕ್ ಆಯಿತು ಸರ್. ಅಜ್ಜಿಯ ಹಾಡು 17ನೆಯದರಲ್ಲಿತ್ತು. ಅದರ ನಡುವೆ ಒಂದು ಕಡೆ ಕಾಪಿ ನಿಂತು ಎರರ್ ಬರುತ್ತದೆ.

ಉತ್ತರ:
ಆ ಡಿಸ್ಕ್ ತೊಳೆದು ನೋಡಿ. ಒಂದು ಹನಿ ಪಾತ್ರೆ ತೊಳೆಯುವ ಸೋಪು, ತಣ್ಣೀರು, ಒರೆಸಿ ಪೂರ್ತಿ ಒಣಗಿಸಿ. ಆಗಲೂ ನಿಂತರೆ ಮತ್ತೆ ಮತ್ತೆ ಹಾಕಬೇಡಿ. ಸ್ನೇಹಿತರ ಮನೆಯ ಬೇರೆ ಕಂಪನಿ ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಓದದ್ದನ್ನು ಇನ್ನೊಂದು ಓದುವುದು ತುಂಬಾ ಸಾಮಾನ್ಯ. ಏನಾಯಿತು ಅಂತ ಇಲ್ಲೇ ಬರೆಯಿರಿ.