ತಂಗಿ ಬಸುರಿ, ಏಳನೇ ವಾರ, ಒಂದೇ ಕಡೆ ಹೊಟ್ಟೆನೋವು. ನಾಳೆವರೆಗೆ ಕಾಯಬಹುದಾ?

ಅಕ್ಕ, ತೀರ್ಥಹಳ್ಳಿ ಕಡೆ
ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿದರೆ ತಂಗಿಗೆ ಏಳನೇ ವಾರ. ಕಿಟ್‌ನಲ್ಲಿ ಎರಡು ಗೆರೆ ಬಂದಿದೆ, ಸ್ಕ್ಯಾನಿಂಗ್ ಆಗಿಲ್ಲ. ನಿನ್ನೆಯಿಂದ ಎಡಗಡೆ ಕೆಳಹೊಟ್ಟೆಯಲ್ಲಿ ಚುಚ್ಚುವ ನೋವು. ಬ್ಲೀಡಿಂಗ್ ಜಾಸ್ತಿ ಇಲ್ಲ, ಕಾಫಿ ಬಣ್ಣದ ಕಲೆ ಅಷ್ಟೆ. ಉಷ್ಣ ಆಗಿದೆ ಅಂತ ಅವಳ ಅತ್ತೆ ಎಳನೀರು ಕೊಟ್ಟು ಮಲಗಿಸಿದ್ದಾರೆ. ಮಲಗಿದರೆ ಭುಜ ನೋಯುತ್ತದೆ ಅನ್ನುತ್ತಾಳೆ. ದಿಂಬು ಎತ್ತರ ಆಯಿತೇನೋ. ಬೆಳಿಗ್ಗೆ ಡಾಕ್ಟರಿಗೆ ತೋರಿಸಿದರೆ ಸಾಕಾ?

ಹೆರಿಗೆ ವಾರ್ಡಿನ ನರ್ಸ್
ಬೇಡ, ಈಗಲೇ ಹೊರಡಿ. ಮೊದಲು 108ಕ್ಕೆ ಫೋನ್ ಮಾಡಿ. ಗಾಡಿ ಬರುವಷ್ಟರಲ್ಲಿ ಉಳಿದದ್ದು ಓದಿ. ಅವಳಿಗೆ ಇನ್ನು ಏನೂ ತಿನ್ನಲು, ಕುಡಿಯಲು ಕೊಡಬೇಡಿ. ಆಪರೇಷನ್ ಬೇಕಾಗಬಹುದು.

ನನಗೆ ಭಯ ಹುಟ್ಟಿಸಿದ್ದು ಆ ಭುಜದ ನೋವು. ಗರ್ಭ ಕೆಲವೊಮ್ಮೆ ಗರ್ಭಕೋಶ ಬಿಟ್ಟು, ಅಂಡಾಶಯದಿಂದ ಗರ್ಭಕೋಶಕ್ಕೆ ಬರುವ ಟ್ಯೂಬಿನಲ್ಲೇ ಕೂತುಬಿಡುತ್ತದೆ. ಬೆಳೆದಂತೆ ಟ್ಯೂಬ್ ಒಡೆದು ರಕ್ತ ಹೊಟ್ಟೆಯೊಳಗೆ ಸೋರುತ್ತದೆ. ಆ ರಕ್ತ ಎದೆಗೂ ಹೊಟ್ಟೆಗೂ ನಡುವಿನ ವಪೆಗೆ ತಾಗುತ್ತದೆ. ವಪೆಯ ನರ ಹೊರಡುವುದು ಕತ್ತಿನಿಂದ. ಅದಕ್ಕೇ ಭುಜದ ತುದಿಯಲ್ಲಿ ನೋವು, ಮಲಗಿದಾಗ ಇನ್ನೂ ಜಾಸ್ತಿ. ಒಳಗೆ ಎಷ್ಟೇ ಸೋರಿದರೂ ಹೊರಗೆ ಕಾಣುವುದು ಒಂದೆರಡು ಕಲೆ ಮಾತ್ರ ಇರಬಹುದು. ಕಿಟ್‌ನಲ್ಲಿ ಎರಡು ಗೆರೆ ಆಗಲೂ ಬರುತ್ತದೆ.

ಇದು ಟ್ಯೂಬಿನದೇ ಅಂತ ಇಲ್ಲಿ ಕೂತು ಹೇಳಲು ನನ್ನಿಂದ ಆಗದು, ಸ್ಕ್ಯಾನ್ ಹೇಳಬೇಕು. ಆದರೆ ರಾತ್ರಿ ಕಳೆಯಲಿ ಅಂತ ಕಾಯುವ ಲಕ್ಷಣ ಅಲ್ಲ ಇದು. ಸ್ಕ್ಯಾನಿಂಗ್, ಆಪರೇಷನ್, ರಕ್ತ ಮೂರೂ ಸಿಗುವ ಕಡೆಗೇ ಕರೆದೊಯ್ಯಿ ಅಂತ ಗಾಡಿಯವರಿಗೆ ಹೇಳಿ. ಆಸ್ಪತ್ರೆಯಲ್ಲಿ ಮೊದಲ ಮಾತೇ ಇದಾಗಿರಲಿ: "ಬಸುರಿ, ಗರ್ಭ ಎಲ್ಲಿದೆ ಅಂತ ಇನ್ನೂ ನೋಡಿಲ್ಲ, ಭುಜ ನೋಯುತ್ತಿದೆ." ಸುಮ್ನೆ ಹೊಟ್ಟೆನೋವು ಅಂದರೆ ಗ್ಯಾಸ್ಟ್ರಿಕ್ ಸಾಲಿಗೆ ಸೇರಿಸಿಬಿಡುತ್ತಾರೆ. ಅತ್ತೆಯವರ ಜೊತೆ ವಾದ ಬೇಡ, ಅವರನ್ನೂ ಕರೆದುಕೊಂಡು ಹೋಗಿ.

ಬಸುರಿ, ಹಾಸನ
ಮೇಡಂ, ನನಗೂ ಏಳನೇ ವಾರವೇ. ನೋವಿಲ್ಲ, ಕಲೆ ಇಲ್ಲ. ಆದರೆ ನೀರು ಕುಡಿದರೂ ವಾಂತಿ. ಎಲ್ಲರಿಗೂ ಹೀಗೇ ಅಲ್ವಾ?

ನರ್ಸ್
ವಾಂತಿ ತುಂಬಾ ಜನರಿಗೆ ಸಹಜ ಕಣಮ್ಮ, ನೀರೂ ನಿಲ್ಲದಿರುವುದು ಸಹಜ ಅಲ್ಲ. ಮೂತ್ರ ಗಾಢ ಹಳದಿ ಆಗಿದ್ದರೆ, ಎಂಟು ಗಂಟೆಗಳ ಕಾಲ ಮೂತ್ರವೇ ಹೋಗದೇ ಇದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲಾದರೆ ಇವತ್ತೇ ಹೋಗಿ. ಡ್ರಿಪ್ ಹಾಕುತ್ತಾರೆ, ವಾಂತಿಗೆ ಬಸುರಿಯರಿಗೆ ಆಗುವ ಮಾತ್ರೆಯೇ ಇದೆ. ಜ್ವರ 100.4 ದಾಟಿದರೆ, ಗಂಟೆಗೊಂದು ಪ್ಯಾಡ್ ಒದ್ದೆಯಾಗುವಷ್ಟು ರಕ್ತ ಹೋದರೆ ಆಗಲೂ ತಡ ಮಾಡಬೇಡಿ.

ಅಕ್ಕ, ತೀರ್ಥಹಳ್ಳಿ ಕಡೆ
ಟ್ಯೂಬಿನಲ್ಲೇ ಇತ್ತು. ಆಗಲೇ ಸೋರಲು ಶುರುವಾಗಿತ್ತಂತೆ. ರಾತ್ರಿಯೇ ಆಪರೇಷನ್ ಆಯಿತು, ಈಗ ಮಾತಾಡುತ್ತಿದ್ದಾಳೆ. ಒಂದು ಟ್ಯೂಬ್ ತೆಗೆದಿದ್ದಾರೆ. ಮುಂದೆ ಮಗು ಆಗುತ್ತಾ ಅಂತ ಅಳುತ್ತಾಳೆ. ಬ್ಲಡ್ ಗ್ರೂಪ್ ಓ ನೆಗೆಟಿವ್ ಅಂತ ಬರೆದಿದ್ದಾರೆ.

ನರ್ಸ್
ಸದ್ಯ, ಹೋದಿರಲ್ಲ! ಇನ್ನೊಂದು ಟ್ಯೂಬ್ ಚೆನ್ನಾಗಿದ್ದರೆ ಮಗು ಆಗುವ ಅವಕಾಶ ಚೆನ್ನಾಗಿಯೇ ಇದೆ ಅಂತ ಅವಳಿಗೆ ಹೇಳಿ. ಗ್ರೂಪ್ ನೆಗೆಟಿವ್ ಅಂದಿರಿ, ಮುಂದಿನ ಮಗುವಿಗೆ ಅದರಿಂದ ತೊಂದರೆ ಆಗದಿರಲಿ ಅಂತ ಕೊಡುವ ಆಂಟಿ-ಡಿ ಇಂಜೆಕ್ಷನ್ ಕೊಟ್ಟಿದ್ದಾರಾ ಅಂತ ಈಗಲೇ ವಾರ್ಡಿನಲ್ಲಿ ಕೇಳಿ. 72 ಗಂಟೆಯೊಳಗೆ ಆಗಬೇಕು. ಮುಂದಿನ ಸಲ ಮುಟ್ಟು ನಿಂತ ಕೂಡಲೇ ಡಾಕ್ಟರಿಗೆ ತಿಳಿಸಿ, ಆರನೇ ವಾರಕ್ಕೇ ಸ್ಕ್ಯಾನ್ ಮಾಡಿಸಿ.